ಆ ಹಳದಿ ಇಲಿ ಸ್ಕೂಲಿಗೆ ಹೋದ ಸೀಸನ್

ಎಲ್ರಿಗೂ ನಮಸ್ಕಾರ. ಈ ಹೊತ್ತಲ್ಲಿ ರೇಡಿಯೋ ಹಾಕ್ಕೊಂಡು ಹುರುಳಿಕಾಯಿ ಹೆಚ್ತಾ ಕೂತಿರೋ ಅಮ್ಮಂದಿರು, ಅಜ್ಜ-ಅಜ್ಜೀರು ಇದೀರಲ್ಲ, ನಿಮಗೇ ಹೇಳ್ತಿರೋದು. ಪೊಕೆಮಾನ್, ಅದೇ ವಿಚಿತ್ರ ಪ್ರಾಣಿಗಳನ್ನ ಸಾಕಿ ಪಂದ್ಯ ಆಡಿಸೋ ಜಪಾನಿ ಕಾರ್ಟೂನು, ಅಂದ್ರೆ ಸಾಕು, "ಆ ಹಳದಿ ಇಲಿ ಹೊಡೆದಾಟನಾ, ಆಫ್ ಮಾಡು" ಅಂತೀರಿ. ಒಂದ್ಸಲ ಮಗು ಪಕ್ಕ ಕೂತು ನೋಡಿದೀರಾ? ಇಲ್ಲ ತಾನೇ? ಕೂತು ನೋಡಿ, ನಾನು ಹೇಳೋದು ಇಷ್ಟೇ.

ಜಪಾನಲ್ಲಿ ಇದು ಶುರುವಾಗಿದ್ದು 1997ರ ಏಪ್ರಿಲಲ್ಲಿ. ಹೀರೋ ಆ್ಯಶ್‌ಗೆ ಹತ್ತು ವರ್ಷ, ಅಲ್ಲಿನವರಿಗೆ ಅವನು ಸಾತೋಷಿ. ಇಷ್ಟು ವರ್ಷ ಆದ್ರೂ ಹತ್ತೇ, ಅದನ್ನ ಕೇಳ್ಬೇಡಿ. ನಾನು ಹೇಳೋಕೆ ಬಂದಿರೋದು ಸನ್ ಅಂಡ್ ಮೂನ್ ಸೀಸನ್, 2016ರ ನವೆಂಬರಿಂದ 2019ರ ನವೆಂಬರ್ ತನಕ, 146 ಎಪಿಸೋಡು. ಹವಾಯಿ ನೋಡ್ಕೊಂಡು ಮಾಡಿರೋ ಅಲೋಲಾ ಅನ್ನೋ ದ್ವೀಪಗಳು, ಊರೂರು ಸುತ್ತೋ ಹುಡುಗ ಇಲ್ಲಿ ಮೇಷ್ಟ್ರು ಕುಕುಯಿ ಮನೇಲಿ ಉಳ್ಕೊಂಡು ಸ್ಕೂಲಿಗೆ ಹೋಗ್ತಾನೆ. ಮುಖಗಳು ದುಂಡಗಾದ್ವು ಅಂತ ಹಳೇ ಅಭಿಮಾನಿಗಳು ಗಲಾಟೆ ಮಾಡಿದ್ರು, ಮಾಡ್ಲಿ ಬಿಡಿ.

ಈಗ ಕೇಳಿ. ಲಿಟನ್ ಅಂತ ಒಂದು ಬೀದಿ ಬೆಕ್ಕಿನ ಮರಿ, ಬೆಂಕಿ ಉಗುಳುತ್ತೆ, ಆ್ಯಶ್ ಕೈಯಿಂದ ತಿಂಡಿ ಕಿತ್ಕೊಂಡು ಓಡುತ್ತೆ. ಹಣ್ಣಂಗಡಿ ಅಜ್ಜಿ ಮಾತ್ರ ಅದಕ್ಕೆ ಹಣ್ಣು ಕೊಡ್ತಾಳೆ, ಮರಿ ಬೇರೆ ಯಾರನ್ನೂ ಹತ್ರ ಸೇರ್ಸಲ್ಲ. ಪೋಲಿ ಅನ್ಕೋತೀವಿ. ಅದ್ರ ಹಿಂದೇನೇ ಹೋಗಿ ನೋಡಿದ್ರೆ ಆ ತಿಂಡಿ ತನಗಲ್ಲ, ಸ್ಟೌಟ್‌ಲ್ಯಾಂಡ್ ಅನ್ನೋ ಒಂದು ಮುದಿ ನಾಯಿಗೆ, ಈ ಮರೀನ ಸಾಕಿದ್ದೇ ಆ ನಾಯಿ. 21ನೇ ಎಪಿಸೋಡಲ್ಲಿ ನಾಯಿಗೆ ಹುಷಾರಿಲ್ಲ. ಮರದ ಎಲೆ ಒಂದೊಂದೇ ಉದುರುತ್ತೆ. ಆಮೇಲೆ ನಾಯಿ ಇರ್ತಿದ್ದ ಜಾಗ ಖಾಲಿ. ಸಾಯೋದನ್ನ ತೋರಿಸಲ್ಲ ನೋಡಿ, ಮರಿ ಒಂದೇ ಕೂತಿರುತ್ತೆ. ನಮ್ಮ ಮನೇಲಿ ಆರು ವರ್ಷದ ಮೊಮ್ಮಗಳು "ತಾತ, ಸ್ಟೌಟ್‌ಲ್ಯಾಂಡ್ ಎಲ್ಲಿ ಹೋಯ್ತು" ಅಂದ್ಳು, ನಾನು ಬಾಯಿ ಬಿಡೋ ಮೊದ್ಲೇ ಅವ್ಳೇ "ನಮ್ಮ ಅಜ್ಜಿ ಥರಾನಾ" ಅಂದ್ಳು. ಎರಡು ವರ್ಷದಿಂದ ಮನೇಲಿ ಯಾರೂ ಆಡದೇ ಇದ್ದ ಮಾತು ಅದು. ಟಿವಿ ನಿಲ್ಸಿ ರಾತ್ರಿ ಊಟದ ಹೊತ್ತಿನ ತನಕ ಅವಳಜ್ಜಿ ಬಗ್ಗೇನೇ ಮಾತಾಡಿದ್ವಿ, ಅವ್ಳು ತಟ್ತಿದ್ದ ಅಕ್ಕಿ ರೊಟ್ಟಿ, ಅವ್ಳ ಬೈಗುಳ, ಎಲ್ಲ. ಪಕ್ಕದಲ್ಲಿ ಕೂತಿದ್ದಕ್ಕೆ ಗೊತ್ತಾಯ್ತು, ಇಲ್ದಿದ್ರೆ ಆ ಪ್ರಶ್ನೆ ಯಾರನ್ನ ಕೇಳ್ತಿತ್ತು ಆ ಮಗು? ಅದಕ್ಕೇ ಹೇಳಿದ್ದು, ಕೂತು ನೋಡಿ ಅಂತ.

ಗಾಜಿನಾಚೆಯಿಂದ ಆಗ್ಲೇ ಕೈ ತೋರಿಸ್ತಿದಾರೆ. ಲೀಗ್, ಅಂದ್ರೆ ಪೊಕೆಮಾನ್ ಪಂದ್ಯಾವಳಿ, ಅದ್ರ ವಿಷಯ ಬಾಕಿ ಇದೆ, ಬೇಗ ಹೇಳ್ತೀನಿ. ಇಪ್ಪತ್ತೆರಡು ವರ್ಷ ದೊಡ್ಡ ಲೀಗಲ್ಲೆಲ್ಲ ಸೋತು ಬರ್ತಿದ್ದ ಹುಡುಗ, 2019ರ ಸೆಪ್ಟೆಂಬರ್ 15ಕ್ಕೆ ಗ್ಲ್ಯಾಡಿಯನ್ ಅನ್ನೋನನ್ನ ಸೋಲಿಸಿ ಗೆದ್ದ. ಆಮೇಲೆ ಕುಕುಯಿ ಮೇಷ್ಟ್ರ ಜೊತೇಲೇ ಒಂದು ಪಂದ್ಯ, ಅದ್ರಲ್ಲಿ ನಮ್ಮ ಪೋಲಿ ಬೆಕ್ಕು ಬೆಳೆದು ಇನ್ಸಿನರೋರ್ ಅನ್ನೋ ದೊಡ್ಡ ರೂಪ ತಾಳೋದೂ ಇದೆ, ಅದನ್ನ ಹೇಳೋಕೆ ಟೈಮ್ ಕೊಡ್ತಿಲ್ಲ ಇವ್ರು. ಆಯ್ತು ಸ್ವಾಮಿ, ಮುಗಿಸ್ತೀನಿ. 21ನೇ ಎಪಿಸೋಡು, ಬರ್ಕೊಂಡ್ರಾ? ನಮಸ್ಕಾರ.