ಒಂದು ಗ್ವಾಡಿ ಅಲ್ಲ, ಎರಡು

ಕೇಳುಗರಿಗೆ ನಮಸ್ಕಾರ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಉಮರ್ಗಾ ಕಡೆಯ ಹಳ್ಳಿಗಳಲ್ಲಿ ರೊಟ್ಟಿ ಬಡಿಯುತ್ತ, ದನಕ್ಕೆ ಮೇವು ಹಾಕುತ್ತ ರೇಡಿಯೋ ಹಚ್ಚಿಕೊಂಡವರನ್ನು ಕಣ್ಣ ಮುಂದೆ ಇಟ್ಟುಕೊಂಡು ಮಾತಾಡುತ್ತೇನೆ. ನಿಮ್ಮ ಬೆನ್ನ ಹಿಂದೆ ಈಗ ಒಂದು ಕಲ್ಲಿನ ಗೋಡೆ ಇದ್ದೀತು. ದಪ್ಪ ಎರಡು ಅಡಿ, ಕೆಲವರ ಮನೆಯಲ್ಲಿ ಮೂರು ಅಡಿ. ಇವತ್ತಿನ ನನ್ನ ಮಾತೆಲ್ಲ ಆ ಗೋಡೆಯದು.

ನನಗೆ ಕೊಟ್ಟ ವಿಷಯ ಭೂಕಂಪ ಮತ್ತು ಸುನಾಮಿ. ಸುನಾಮಿಯನ್ನು ಮೊದಲು ಮುಗಿಸಿಬಿಡುತ್ತೇನೆ. ಕಡಲ ತಳದ ನೆಲ ಒಮ್ಮೆಲೆ ಮೇಲೆದ್ದರೆ ಅದರ ಮೇಲಿನ ನೀರೆಲ್ಲ ಎದ್ದು ದಂಡೆಗೆ ನುಗ್ಗುತ್ತದೆ, ಅದು ಸುನಾಮಿ. 2004ರ ಡಿಸೆಂಬರ್ 26ರಂದು ಸುಮಾತ್ರಾದ ಹತ್ತಿರ ನೆಲ ನಡುಗಿದಾಗ ನಮ್ಮಲ್ಲಿ ಬೆಳಗಿನ ಆರೂವರೆ. ತಮಿಳುನಾಡಿನ ದಂಡೆಗೆ ನೀರು ಬಂದದ್ದು ಎರಡು ತಾಸಿನ ಮೇಲೆ. ಆ ಎರಡು ತಾಸಿನಲ್ಲಿ ದಂಡೆಯ ಜನರಿಗೆ "ಏಳಿ, ಓಡಿ" ಎಂದು ಹೇಳುವ ಏರ್ಪಾಡು ನಮ್ಮ ದೇಶದಲ್ಲಿ ಇರಲಿಲ್ಲ. ಈಗ ಇದೆ. 2007ರಿಂದ ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಹಗಲೂ ರಾತ್ರಿ ಕಾಯುತ್ತಿದೆ.

ನಮಗೆ ಆ ಎರಡು ತಾಸು ಸಿಗುವುದಿಲ್ಲ. 1993ರಲ್ಲಿ ಭೂಕಂಪ ಆದ ಲಾತೂರ ಜಿಲ್ಲೆಯ ಕಿಲ್ಲಾರಿಯಿಂದ ಅಕ್ಕಲಕೋಟಕ್ಕೆ ನೇರ ಗೆರೆ ಎಳೆದರೆ ಸುಮಾರು 70 ಕಿಲೋಮೀಟರ್. ನೆಲದೊಳಗಿನ ಅಲೆ ಅಷ್ಟು ದೂರವನ್ನು ಅರ್ಧ ನಿಮಿಷದೊಳಗೆ ದಾಟುತ್ತದೆ. ಇಂಥ ದಿನ, ಇಂಥ ಹೊತ್ತಿಗೆ ಭೂಕಂಪ ಆಗುತ್ತದೆ ಎಂದು ಹೇಳಬಲ್ಲವರು ಜಗತ್ತಿನಲ್ಲೇ ಯಾರೂ ಇಲ್ಲ. ಮೊಬೈಲಿಗೆ "ಇವತ್ತು ರಾತ್ರಿ ಎರಡಕ್ಕೆ ಭೂಕಂಪ" ಎಂದು ಬಂದರೆ ಅಳಿಸಿಬಿಡಿ, ಮುಂದೆ ಕಳಿಸಬೇಡಿ. ಭೂಕಂಪ ನಮ್ಮ ಕೈಯಲ್ಲಿಲ್ಲ. ಗೋಡೆ ನಮ್ಮ ಕೈಯಲ್ಲಿದೆ.

ಈ ಗಟ್ಟಿ ಕರಿಕಲ್ಲಿನ ನಾಡಿನಲ್ಲಿ ನೆಲ ಯಾಕೆ ನಡುಗಬೇಕು? ಒಂದು ಒಣ ಜೋಳದ ದಂಟನ್ನು ಎರಡೂ ತುದಿಗೆ ಹಿಡಿದು ಒತ್ತಿ ನೋಡಿ. ಒತ್ತುವುದು ತುದಿಯಲ್ಲಿ, ಲಟಕ್ಕನೆ ಮುರಿಯುವುದು ನಡುವೆ. ನಾವು ನಿಂತ ಭೂಭಾಗ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿಯುತ್ತ ಹಿಮಾಲಯದ ಕಡೆ ಒತ್ತುತ್ತಿದೆ. ಆ ಒತ್ತಡ ಇಲ್ಲಿ, ನಡುವಿನಲ್ಲೂ ಕೂಡಿಬರುತ್ತದೆ. ಎಲ್ಲಿ ಹಳೆಯ ಬಿರುಕಿದೆಯೋ ಅಲ್ಲಿ ಒಂದು ದಿನ ಕಲ್ಲು ಜಾರುತ್ತದೆ. 1967ರಲ್ಲಿ ಕೊಯ್ನಾದಲ್ಲಿ ನಡುಗಿತು. 1993ರಲ್ಲಿ ಕಿಲ್ಲಾರಿಯಲ್ಲಿ. ಅಂದಿನ ಭೂಕಂಪ ನಕಾಶೆ ತೆಗೆದು ನೋಡಿ, ಕಿಲ್ಲಾರಿ ಇದ್ದದ್ದು ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯದಲ್ಲಿ. "ನಮ್ಮ ಕಡೆ ಅಂಥದ್ದೆಲ್ಲ ಆಗೋದಿಲ್ಲ" ಅನ್ನುವವರು ಇದನ್ನು ಕೇಳಿಸಿಕೊಳ್ಳಬೇಕು.

ಸೆಪ್ಟೆಂಬರ್ 30, ಬೆಳಗಿನ ಜಾವ 3 ಗಂಟೆ 56 ನಿಮಿಷ. ಹಿಂದಿನ ದಿನ ಅನಂತ ಚತುರ್ದಶಿ, ಗಣಪತಿ ಕಳಿಸಿ ಬಂದು ಜನ ಮಲಗಿದ್ದರು. ಪ್ರಮಾಣ 6.2. ಲಾತೂರ ಮತ್ತು ಉಸ್ಮಾನಾಬಾದ ಜಿಲ್ಲೆಗಳಲ್ಲಿ ಸತ್ತವರು ಸುಮಾರು 8,000ದಿಂದ 10,000. ಹುಲ್ಲಿನ ಗುಡಿಸಲಲ್ಲಿ ಮಲಗಿದ್ದವರು ಎದ್ದು ಹೊರಗೆ ಬಂದರು. ದಪ್ಪ ಗೋಡೆಯ ಮಾಳಿಗೆ ಮನೆಯಲ್ಲಿ ಮಲಗಿದ್ದವರು ಮಣ್ಣಿನಡಿ ಹೋದರು.

ನಾನು ಆಗ ಸಿವಿಲ್ ಡಿಪ್ಲೊಮಾ ಎರಡನೇ ವರ್ಷ. ನಮ್ಮೂರಿನಿಂದ ಟ್ರ್ಯಾಕ್ಟರಿನಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಕೌದಿ ಹೇರಿಕೊಂಡು ಹೊರಟೆವು. ಜೊತೆಗೆ ನಮ್ಮೂರ ಗೌಂಡಿ ಕಾಕಾ. ಐವತ್ತು ದಾಟಿತ್ತು ಅವರಿಗೆ. ಊರಿನ ಮುಕ್ಕಾಲು ಮನೆ ಅವರ ಕೈಯಿಂದಲೇ ಎದ್ದದ್ದು. ರೊಟ್ಟಿ ಹಂಚಿ ಮುಗಿದ ಮೇಲೆ ಕಾಕಾ ಒಂದು ಅರ್ಧ ಬಿದ್ದ ಗೋಡೆಯ ಮುಂದೆ ನಿಂತುಬಿಟ್ಟರು. ಹೊರಮೈ ಬಾಗಿಲ ಕಡೆ ಉರುಳಿತ್ತು, ಒಳಮೈ ಇನ್ನೂ ನಿಂತಿತ್ತು. ನನ್ನನ್ನು ಕರೆದರು.

"ತಮ್ಮಾ, ಇಲ್ಲಿ ಕೈ ಹಾಕು."

ಗೋಡೆ ಇನ್ನೂ ಪೂರ್ತಿ ಇದ್ದ ಮೂಲೆಯಲ್ಲಿ, ಎರಡು ಮೈಗಳ ನಡುವೆ, ಮೇಲಿನಿಂದ ಕೈ ಇಳಿಸಿದೆ. ಮೊಣಕೈವರೆಗೆ ಹೋಯಿತು. ಜೋಳದ ಚೀಲದಲ್ಲಿ ಕೈ ಹಾಕಿದ ಹಾಗೆ ಸಲೀಸಾಗಿ ಹೋಯಿತು. ಹಿಡಿ ತೆರೆದು ನೋಡಿದರೆ ಪುಡಿ ಮಣ್ಣು, ಕಲ್ಲಿನ ಚೂರು, ಒಂದು ಹಳೆಯ ಹುಲ್ಲಿನ ಎಳೆ.

"ಇದು ಒಂದು ಗ್ವಾಡಿ ಅಲ್ಲ, ಎರಡು ಗ್ವಾಡಿ ಅವ" ಅಂದರು ಕಾಕಾ. "ಹೊರಗಿಂದು ಒಂದು, ಒಳಗಿಂದು ಒಂದು. ನಡುವ ಬರೇ ಮಣ್ಣ. ಒಂದಕ್ಕೊಂದು ಕೈ ಹಿಡದಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ನಾನೂ ಹಿಂಗೇ ಕಟ್ಟೀನಿ" ಅಂದರು. ತಿರುಗಿ ಬರುವಾಗ ಊರು ಮುಟ್ಟುವ ತನಕ ಮಾತಾಡಲಿಲ್ಲ.

ದೀಪಾವಳಿ ಆದ ಮೇಲೆ ಒಂದು ಮುಂಜಾನೆ ಕಾಕಾ ನಮ್ಮ ಮನೆಗೆ ಬಂದು ಪಡಸಾಲೆಯ ಗೋಡೆಯ ಮೇಲೆ ಸುಣ್ಣದಿಂದ ಚುಕ್ಕಿ ಇಡತೊಡಗಿದರು. ನಮ್ಮ ಮುತ್ಯಾಗೆ ಸಿಟ್ಟು ಬಂತು. "ಮೂರು ತಲಿ ಬಾಳಿದ ಗ್ವಾಡಿ ಇದು, ಅದಕ್ಕೇನು ತೂತು ಹೊಡೀತಿ?" ಕಾಕಾ ಕೆಲಸ ನಿಲ್ಲಿಸಲಿಲ್ಲ. "ಕಿಲ್ಲಾರಿ ಗ್ವಾಡಿನೂ ಮೂರು ತಲಿ ಬಾಳಿದ್ವು, ಯಪ್ಪಾ." ಮುತ್ಯಾ ಮತ್ತೆ ಸೊಲ್ಲೆತ್ತಲಿಲ್ಲ.

ಅವರು ಮಾಡಿದ್ದು ಇಷ್ಟು. ಚುಕ್ಕಿ ಇಟ್ಟಲ್ಲಿ ಸುತ್ತಿಗೆ ಹೊಡೆಯದೆ ಸಣ್ಣ ಹಾರೆಯಿಂದ ಮೆಲ್ಲಗೆ ಒಂದೊಂದೇ ಕಲ್ಲು ಬಿಡಿಸಿ, ಗೋಡೆಯ ಈ ಮೈಯಿಂದ ಆ ಮೈಗೆ ತೂತು ತೆಗೆದರು. ಎರಡೂ ತುದಿಗೆ ಕೊಕ್ಕೆ ಬಾಗಿಸಿದ 8 ಎಂಎಂ ಸರಳನ್ನು ಅದರಲ್ಲಿ ಇಟ್ಟು ಕಾಂಕ್ರೀಟು ತುಂಬಿ, ಹತ್ತು ದಿನ ನೀರು ಹೊಡೆದರು. ಹಳೆಯ ಗೋಡೆಗೆ ಇದು. ಹೊಸದಾಗಿ ಕಟ್ಟುವವರಿಗೆ ಇನ್ನೂ ಸುಲಭ, ಗೋಡೆ ಏಳುವಾಗಲೇ ಆರಪಾರ, ಅಂದರೆ ಈ ಮೈಯಿಂದ ಆ ಮೈವರೆಗೆ ಮುಟ್ಟುವ, ಉದ್ದಗಲ್ಲು ಇಟ್ಟುಕೊಂಡು ಹೋಗಿ. ಎತ್ತರದಲ್ಲಿ ಪ್ರತಿ ಎರಡು ಅಡಿಗೆ ಒಂದು ಸಾಲು, ಆ ಸಾಲಿನಲ್ಲಿ ಪ್ರತಿ ನಾಲ್ಕು ಅಡಿಗೆ ಒಂದು ಕಲ್ಲು. ಗೋಡೆಯ ದಪ್ಪ ಒಂದೂವರೆ ಅಡಿ ಸಾಕು. ದಪ್ಪ ಹೆಚ್ಚಿದರೆ ಗಟ್ಟಿ ಎಂಬುದು ತಪ್ಪು ತಿಳುವಳಿಕೆ, ದಪ್ಪ ಹೆಚ್ಚಿದಷ್ಟೂ ನಡುವೆ ಮಣ್ಣು ಹೆಚ್ಚು.

ಮೂವತ್ತು ವರ್ಷದಿಂದ ಇದನ್ನೇ ಹೇಳುತ್ತ ಬಂದಿದ್ದೇನೆ. ಮನೆ ಕಟ್ಟಿಸುವಾಗ ಟೈಲ್ಸ್ ಆರಿಸಲು ಸೊಲ್ಲಾಪುರಕ್ಕೆ ಮೂರು ಸಲ ಹೋಗುತ್ತೀರಿ. ಗೋಡೆ ಏಳುವ ದಿನ ಗೌಂಡಿಯ ಪಕ್ಕ ಒಂದು ತಾಸು ನಿಂತು "ಆರಪಾರ ಕಲ್ಲು ಎಲ್ಲಿ?" ಎಂದು ಕೇಳುವುದಿಲ್ಲ. ದಯವಿಟ್ಟು ಕೇಳಿ. ತಾಯಂದಿರೇ, ನೀವೇ ಕೇಳಿ, ಗೋಡೆಯ ಪಕ್ಕ ಕೂಸು ಮಲಗಿಸುವವರು ನೀವು.

ವೇಳೆ ಮುಗಿಯುತ್ತ ಬಂತೆಂದು ಗಾಜಿನ ಆಚೆಯಿಂದ ಕೈ ಮಾಡುತ್ತಿದ್ದಾರೆ. ಉಳಿದದ್ದನ್ನು ಓಡಿಸುತ್ತೇನೆ. ಮಾಳಿಗೆಯ ಮಣ್ಣು: ಸೋರಿದಾಗಲೆಲ್ಲ ಮೇಲೆ ಮಣ್ಣು ಹಾಕುತ್ತ ಹಾಕುತ್ತ ಅದು ಒಂದೂವರೆ ಅಡಿ ಆಗಿರುತ್ತದೆ. ಹತ್ತಕ್ಕೆ ಹತ್ತರ ಕೋಣೆಯ ಮೇಲೆ ಒಂದೂವರೆ ಬ್ರಾಸ್, ಅಂದರೆ 150 ಘನ ಅಡಿ ಮಣ್ಣು, ಸುಮಾರು ಏಳು ಟನ್ ತೂಕ. ಇಳಿಸಿ. ಮಣ್ಣಿನ ಹಳೆಯ ಗೋಡೆಯ ಮೇಲೆ ಹೊಸ ಸ್ಲ್ಯಾಬು ಕೂರಿಸಬೇಡಿ. ಬಾಗಿಲು, ಕಿಟಕಿಗಳ ಮೇಲ್ಗಡೆ ಮನೆಯ ಸುತ್ತ ಎಲ್ಲೂ ಕಡಿಯದ ಒಂದು ಕಾಂಕ್ರೀಟು ಪಟ್ಟಿ ಹಾಕಿಸಿ. ನಡುಗಿದಾಗ ಬಾಗಿಲ ಹತ್ತಿರ ಇದ್ದರೆ ಬಯಲಿಗೆ ಓಡಿ, ಓಣಿಯಲ್ಲಿ ಗೋಡೆಯ ಬುಡಕ್ಕೆ ನಿಲ್ಲಬೇಡಿ. ಸಣ್ಣಗೆ ನಡುಗಿ ನಿಂತಿತೆಂದು ಮರೆಯಬೇಡಿ. ಕಿಲ್ಲಾರಿಯಲ್ಲಿ 1992ರಲ್ಲೇ ಹಲವು ಸಲ ಸಣ್ಣಗೆ ನಡುಗಿತ್ತು.

ಇವತ್ತೇ ಮಾಡಬಹುದಾದ ಒಂದು ಕೆಲಸ ಹೇಳಿ ಏಳುತ್ತೇನೆ. ಗೋಡೆಯ ತುದಿಗೆ ಒಂದು ಮೊಳೆ ಹೊಡೆದು ಓಳಂಬ ಇಳಿಬಿಡಿ. ಓಳಂಬ ಇಲ್ಲದಿದ್ದರೆ ದಾರಕ್ಕೆ ಒಂದು ಬೀಗ ಕಟ್ಟಿದರೂ ನಡೆಯುತ್ತದೆ. ದಾರ ಮೇಲಿನಿಂದ ಕೆಳಗಿನವರೆಗೆ ಗೋಡೆಯಿಂದ ಒಂದೇ ಅಂತರದಲ್ಲಿ ಇರಬೇಕು. ನಡುವೆ ಎಲ್ಲಾದರೂ ಗೋಡೆ ಮುಂದೆ ಬಂದು ದಾರಕ್ಕೆ ತಾಗಿದರೆ, ಗೋಡೆಗೆ ಹೊಟ್ಟೆ ಬಂದಿದೆ, ಎರಡು ಮೈ ಬೇರೆಯಾಗುತ್ತಿವೆ ಎಂದು ತಿಳಿಯಿರಿ. ಆ ಗೋಡೆಯ ಪಕ್ಕದ ಹಾಸಿಗೆಯನ್ನು ರಾತ್ರಿಯೊಳಗೆ ಬೇರೆ ಕಡೆ ಹಾಕಿ, ನಾಳೆ ಗೌಂಡಿಯನ್ನು ಕರೆಸಿ. ನಮಸ್ಕಾರ.