ನಂಬುವವರು, ನಂಬದವರು

ಕೇಳುಗರೇ, ನಮಸ್ಕಾರ.

ಚಿಕ್ಕಂದಿನಲ್ಲಿ ಪ್ರಾಣಿಗಳನ್ನು ಹಿಂಸಿಸುತ್ತಿದ್ದ ಒಬ್ಬ, ದೊಡ್ಡವನಾದ ಮೇಲೆ ಮನೆಯಿಲ್ಲದ ಬಡವರನ್ನು ಕೊಲ್ಲತೊಡಗಿದ. ಅವನು ದೈವಭಕ್ತನೋ, ನಾಸ್ತಿಕನೋ? ಇಂಥದೊಂದು ಕಲ್ಪಿತ ಕಥೆ ಹೇಳಿ ಸಂಶೋಧಕರು 13 ದೇಶಗಳ ಜನರ ಮನಸ್ಸನ್ನು ಪರೀಕ್ಷಿಸಿದರು. ಫಲಿತಾಂಶ 2017ರಲ್ಲಿ ಹೊರಬಂತು. ಜನರ ಅನುಮಾನ ಜಾಸ್ತಿ ಹೋಗಿದ್ದು ನಾಸ್ತಿಕನ ಮೇಲೆ. ದೇವರನ್ನು ನಂಬದವರಿಗೂ ಹಾಗೇ ಅನ್ನಿಸಿತ್ತು!

ದೇವರ ಭಯ ಇಲ್ಲದವನು ಯಾವುದಕ್ಕೂ ಹೇಸುವುದಿಲ್ಲ ಅನ್ನುವ ಮಾತು ಅಷ್ಟು ಆಳಕ್ಕೆ ಇಳಿದಿದೆ.

ಇನ್ನೊಂದು ಕಡೆಯ ತಾತ್ಸಾರವೂ ಕಮ್ಮಿಯಿಲ್ಲ. ನಂಬುವವರೆಲ್ಲ ಪೆದ್ದರು ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಕಾಯಿಲೆ ಮಗುವಿನ ಹಾಸಿಗೆ ಪಕ್ಕ ಕೂತು ಪ್ರಾರ್ಥಿಸುವ ತಾಯಿಯನ್ನು ನೋಡಿ. ಹೊತ್ತಿಗೆ ಸರಿಯಾಗಿ ಔಷಧಿ ಕೊಡುವವಳೂ ಅವಳೇ ಅಲ್ವಾ? ಈ ತಾತ್ಸಾರದ ಕೈಗೆ ಅಧಿಕಾರ ಸಿಕ್ಕರೆ ಏನಾಗುತ್ತದೆ ಎಂಬುದನ್ನು ಯುರೋಪಿನ ಅಲ್ಬೇನಿಯಾ ದೇಶ ಕಂಡಿದೆ. 1967ರಲ್ಲಿ ಅಲ್ಲಿನ ಸರ್ಕಾರ ಚರ್ಚು, ಮಸೀದಿಗಳನ್ನೆಲ್ಲ ಮುಚ್ಚಿಸಿತು. ಪಾದ್ರಿಗಳು, ಇಮಾಮರು ಜೈಲು ಸೇರಿದರು.

ದೇವರಿದ್ದಾನೋ ಇಲ್ಲವೋ ಎಂಬ ವಾದ ಎಷ್ಟು ಬಿಸಿಯಾದರೂ ನನಗೆ ಚಿಂತೆಯಿಲ್ಲ. ಎದುರಿಗಿರುವವರ ನಡತೆಯನ್ನು, ಬುದ್ಧಿಯನ್ನು ಅದೇ ಅಳತೆಯಲ್ಲಿ ಅಳೆಯುವುದು ನನಗೆ ನೋವು ಕೊಡುತ್ತದೆ.

ಇಂಗ್ಲೆಂಡಿನ ಚಾರ್ಲ್ಸ್ ಬ್ರಾಡ್ಲಾ ಅವರ ಕಥೆ ಕೇಳಿ. ಅವರು ನಾಸ್ತಿಕರು. 1880ರಲ್ಲಿ ನಾರ್ಥಾಂಪ್ಟನ್‌ನಿಂದ ಸಂಸತ್ತಿಗೆ ಆರಿಸಿಬಂದರು. ಸದನದಲ್ಲಿ ಕೂರಬೇಕಾದರೆ ಮೊದಲು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬೇಕಿತ್ತು. ದೇವರ ಹೆಸರು ಹೇಳದೆ ಬರೀ ದೃಢಪಡಿಸುತ್ತೇನೆ ಎಂದರು ಬ್ರಾಡ್ಲಾ. ಆಗುವುದಿಲ್ಲ ಎಂದಿತು ಸದನ. ಸರಿ, ಎಲ್ಲರ ಹಾಗೆ ಪ್ರಮಾಣವನ್ನೇ ಮಾಡುತ್ತೇನೆ ಎಂದರೆ, ನಾಸ್ತಿಕನ ಪ್ರಮಾಣಕ್ಕೆ ಬೆಲೆ ಎಲ್ಲಿದೆ ಎಂದು ಅದಕ್ಕೂ ಬಿಡಲಿಲ್ಲ! ಸಂಸತ್ತಿನ ಗಡಿಯಾರದ ಗೋಪುರದಲ್ಲಿ ಅವರನ್ನು ಒಂದು ರಾತ್ರಿ ಕೂಡಿಯೂ ಹಾಕಿದರು. ಕ್ಷೇತ್ರದ ಜನ ಮಾತ್ರ ಬಿಡದೆ ಮತ್ತೆ ಮತ್ತೆ ಅವರನ್ನೇ ಆರಿಸಿದರು.

ಆಗ ಪ್ರಧಾನಿಯಾಗಿದ್ದ ಗ್ಲಾಡ್‌ಸ್ಟನ್ ಕಟ್ಟಾ ದೈವಭಕ್ತರು. ಬ್ರಾಡ್ಲಾ ಅವರ ವಿಚಾರ ಅವರಿಗೆ ಚೂರೂ ಹಿಡಿಸುತ್ತಿರಲಿಲ್ಲ. ಹಾಗಿದ್ದೂ 1883ರಲ್ಲಿ, ಇಂಥವರಿಗೆ ದಾರಿ ಮಾಡಿಕೊಡುವ ಮಸೂದೆಯ ಪರವಾಗಿ ಸದನದಲ್ಲಿ ನಿಂತು ಮಾತಾಡಿದರು. ಮಸೂದೆ ಬರೀ 3 ಮತಗಳಿಂದ ಬಿದ್ದುಹೋಯಿತು. ಆದರೂ ನನಗೆ ಈ ಕಥೆಯಲ್ಲಿ ತುಂಬ ಇಷ್ಟವಾಗುವವರು ಆ ಭಕ್ತರೇ.

ಕೊನೆಗೆ 1886ರಲ್ಲಿ ಬ್ರಾಡ್ಲಾ ತಮ್ಮ ಜಾಗದಲ್ಲಿ ಕೂತರು. 1888ರಲ್ಲಿ ಅವರೇ ಮುಂದೆ ನಿಂತು ಹೊಸ ಕಾನೂನು ತಂದರು. ಬೇಡ ಅನ್ನುವವರು ದೇವರ ಹೆಸರಿಲ್ಲದೆ ದೃಢಪಡಿಸಬಹುದಾಯಿತು. ದೇವರ ಹೆಸರಿನಲ್ಲಿ ಪ್ರಮಾಣ ಮಾಡುವವರ ಹಕ್ಕನ್ನು ಆ ನಾಸ್ತಿಕರು ಮುಟ್ಟಲೂ ಹೋಗಲಿಲ್ಲ.