ಮೂಳೆ ಎಲ್ಲಿಂದ ಶುರು?

ಎಲ್ಲರಿಗೂ ನಮಸ್ಕಾರ. ಸಿಟಿ ಸ್ಕ್ಯಾನ್‌ನಿಂದ ತಲೆಬುರುಡೆಯ ಮಾದರಿ ಮಾಡುವುದನ್ನು ಕಲಿಯಲು ಬಂದಿದ್ದೀರಿ. ಸಾಫ್ಟ್‌ವೇರ್‌ನಲ್ಲಿ ಯಾವ ಬಟನ್ ಎಲ್ಲಿದೆ ಅನ್ನುವುದು ಎರಡೇ ದಿನದಲ್ಲಿ ಕೈಗೆ ಬರುತ್ತದೆ. ನಾನು ಒಂದೇ ಒಂದು ಸಂಖ್ಯೆಯ ಬಗ್ಗೆ ಮಾತಾಡುತ್ತೇನೆ. ಅದು ಥ್ರೆಶೋಲ್ಡ್, ಅಂದರೆ ಎಷ್ಟರಿಂದ ಮೇಲೆ ಮೂಳೆ ಅಂತ ಗೆರೆ ಎಳೆಯುವ ಸಂಖ್ಯೆ.

ಸ್ಕ್ಯಾನ್ ಫೈಲಿನ ಒಳಗೆ ಇರುವುದು ಬರೀ ಸಂಖ್ಯೆಗಳು. ಒಂದು ಸ್ಲೈಸ್‌ನಲ್ಲಿ, ಅಂದರೆ ತಲೆಯ ಒಂದು ಅಡ್ಡ ಪದರದ ಚಿತ್ರದಲ್ಲಿ, ಸಾಮಾನ್ಯವಾಗಿ 512 ಸಾಲು, ಸಾಲಿಗೆ 512 ಚುಕ್ಕಿ. ಸ್ಲೈಸ್‌ಗಳನ್ನು ಒಂದರ ಮೇಲೊಂದು ಪೇರಿಸಿದರೆ ಪ್ರತಿ ಚುಕ್ಕಿಯೂ ಒಂದು ಪುಟ್ಟ ಇಟ್ಟಿಗೆ. ಇದನ್ನೇ ವಾಕ್ಸೆಲ್ ಅನ್ನುತ್ತಾರೆ. ಪ್ರತಿ ಇಟ್ಟಿಗೆಗೂ ಅದು ಎಕ್ಸ್-ರೇಯನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಒಂದು ಹೌನ್ಸ್‌ಫೀಲ್ಡ್ ಸಂಖ್ಯೆ: ನೀರಿಗೆ 0, ಗಾಳಿಗೆ −1000, ಕೊಬ್ಬಿಗೆ −100ರ ಆಸುಪಾಸು, ಸ್ನಾಯುವಿಗೆ 50ರ ಆಸುಪಾಸು. ಗಟ್ಟಿ ಮೂಳೆ 1000 ದಾಟುತ್ತದೆ. 1971ರಲ್ಲಿ ಲಂಡನ್‌ನಲ್ಲಿ ಮೊದಲ ರೋಗಿಯ ಸ್ಕ್ಯಾನ್ ಮಾಡಿದ ಯಂತ್ರವನ್ನು ಕಟ್ಟಿದ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಅವರ ಹೆಸರೇ ಈ ಅಳತೆಗೆ ಬಂದಿದೆ.

'300ಕ್ಕಿಂತ ಜಾಸ್ತಿ ಇರುವುದೆಲ್ಲ ಮೂಳೆ' ಅಂತ ನಾವು ಸಾಫ್ಟ್‌ವೇರ್‌ಗೆ ಹೇಳಿಕೊಡುತ್ತೇವೆ. ಈ 300 ನಮ್ಮ ಥ್ರೆಶೋಲ್ಡ್. ಮುಂದಿನ ಕೆಲಸ ಮಾರ್ಚಿಂಗ್ ಕ್ಯೂಬ್ಸ್‌ನದು. ಸಂಖ್ಯೆಗಳಿಂದ ಮೂಳೆಯ ಮೇಲ್ಮೈಯನ್ನು ಪುಟ್ಟ ತ್ರಿಕೋನಗಳಲ್ಲಿ ಕಟ್ಟುವ, ಲೊರೆನ್ಸನ್ ಮತ್ತು ಕ್ಲೈನ್ 1987ರಲ್ಲಿ ಪ್ರಕಟಿಸಿದ ವಿಧಾನ ಇದು. ಅಕ್ಕಪಕ್ಕದ ಎಂಟು ಸಂಖ್ಯೆಗಳನ್ನು ಒಂದು ಘನದ ಮೂಲೆಗಳು ಅಂದುಕೊಳ್ಳಿ. ಪ್ರತಿ ಮೂಲೆಯೂ ಮೂಳೆಯ ಒಳಗೋ ಹೊರಗೋ ಅಂತ ನೋಡಿದರೆ ಒಟ್ಟು 256 ಬಗೆ. ಒಂದೇ ತರಹದವನ್ನು ಸೇರಿಸಿ ಅವರು 15ಕ್ಕೆ ಇಳಿಸಿದರು. ಯಾವ ಬಗೆಗೆ ತ್ರಿಕೋನಗಳು ಹೇಗೆ ಬರಬೇಕು ಅನ್ನುವುದು ಪಟ್ಟಿಯಲ್ಲೇ ಇದೆ.

ಆ ಘನದ ಒಂದು ಅಂಚನ್ನು ಹತ್ತಿರದಿಂದ ನೋಡೋಣ. ಒಂದು ತುದಿಯಲ್ಲಿ 100, ಇನ್ನೊಂದರಲ್ಲಿ 500. ಥ್ರೆಶೋಲ್ಡ್ 300 ಆದರೆ ಮೇಲ್ಮೈ ಸರಿಯಾಗಿ ನಡುವೆ ಹಾಯುತ್ತದೆ. 200 ಮಾಡಿ ನೋಡಿ, 100ರ ಕಡೆಗೆ ಜಾರುತ್ತದೆ, ಮೂಳೆ ದಪ್ಪವಾಗುತ್ತದೆ. ಕೆರೆ ನಡುವಿನ ನಡುಗಡ್ಡೆ ಇದೆಯಲ್ಲ, ಹಾಗೇ. ನೀರು ಇಳಿದಷ್ಟೂ ಅದು ಹಿಗ್ಗುತ್ತದೆ. ನೀರು ಏರಿದರೆ ತಗ್ಗು ದಿಣ್ಣೆಗಳು ಮುಳುಗೇ ಹೋಗುತ್ತವೆ.

ನಾನು ಶುರುವಿನಲ್ಲಿ ಮಾಡಿಕೊಟ್ಟ ಒಂದು ಮಾದರಿಯಲ್ಲಿ ಹೀಗೇ ಆಯಿತು. ಕಣ್ಣುಗುಳಿಯ ತಳದಲ್ಲಿ ದೊಡ್ಡ ತೂತು. ಡಾಕ್ಟರ್ ಅದನ್ನು ಕೈಯಲ್ಲಿ ತಿರುಗಿಸಿ, "ಇಲ್ಲಿ ಮುರಿದಿದೆಯಾ?" ಅಂದರು. ಮುರಿದಿರಲಿಲ್ಲ. ಅಲ್ಲಿನ ಮೂಳೆ ಕಾಗದದಷ್ಟು ತೆಳು, ಅದರ ಕೆಳಗೆ ಸೈನಸ್‌ನ ಗಾಳಿ. ಒಂದೇ ಇಟ್ಟಿಗೆಯಲ್ಲಿ ಅರ್ಧ ಮೂಳೆ, ಅರ್ಧ ಗಾಳಿ ಸೇರಿದರೆ 1000ಕ್ಕೂ −1000ಕ್ಕೂ ಸರಾಸರಿ ಎಷ್ಟು? ಸೊನ್ನೆ. ಮೂಳೆ ಅಲ್ಲೇ ಇದೆ, ಆದರೆ ನೀರಿನ ಸಂಖ್ಯೆ ತೋರಿಸುತ್ತದೆ! ಆ ದಿನ ನನಗೆ ನಿಜಕ್ಕೂ ಭಯವಾಯಿತು.

ಹಾಗಂತ ಇಡೀ ತಲೆಗೆ ಥ್ರೆಶೋಲ್ಡ್ ಇಳಿಸಿಬಿಟ್ಟರೆ ಬೇರೆ ತೊಂದರೆ. ಕಾಂಟ್ರಾಸ್ಟ್, ಅಂದರೆ ರಕ್ತನಾಳಗಳು ಎದ್ದು ಕಾಣುವಂತೆ ಮಾಡುವ ದ್ರವ, ಕೊಟ್ಟ ಸ್ಕ್ಯಾನ್ ಆದರೆ ರಕ್ತನಾಳಗಳೂ ಮೂಳೆಗೆ ಅಂಟಿಕೊಂಡು ಬರುತ್ತವೆ. ಅದಕ್ಕೇ ಆದಷ್ಟು ತೆಳು ಸ್ಲೈಸ್ ಕೇಳಿ ಪಡೆಯಿರಿ. ತೂತು ಕಂಡ ಜಾಗಕ್ಕೆ ಮಾತ್ರ ಬೇರೆ ಥ್ರೆಶೋಲ್ಡ್ ಕೊಡಿ. ಮೆಶ್‌ನ, ಅಂದರೆ ಆ ತ್ರಿಕೋನಗಳ ಜಾಲದ, ಗೆರೆಯನ್ನು ಮೂಲ ಸ್ಲೈಸ್‌ಗಳ ಮೇಲಿಟ್ಟು ಒಂದೊಂದಾಗಿ ನೋಡಿ. ಅಂದ ಬರಲಿ ಅಂತ ಸುಮ್ನೆ ಸ್ಮೂತ್ ಮಾಡುತ್ತಾ ಹೋಗಬೇಡಿ, ತೆಳು ಅಂಚುಗಳು ಸವೆಯುತ್ತವೆ.

ನಾನೀಗ ಪ್ರತಿ ಮಾದರಿಯ ಜೊತೆ ಒಂದು ಚೀಟಿ ಕಳಿಸುತ್ತೇನೆ. ಥ್ರೆಶೋಲ್ಡ್ ಎಷ್ಟು, ಸ್ಲೈಸ್ ಎಷ್ಟು ದಪ್ಪ, ಎರಡೂ ಅದರಲ್ಲಿರುತ್ತವೆ. ಕೈಯಿಂದ ತುಂಬಿದ ಜಾಗ ಇದ್ದರೆ ಅದನ್ನು ಬೇರೆ ಬಣ್ಣದಲ್ಲಿ ಪ್ರಿಂಟ್ ಮಾಡಿರುತ್ತೇನೆ.